ಎಫ್‌ಟಿಐಆರ್ ಸ್ಪೆಕ್ಟ್ರಮ್‌ನಲ್ಲಿ ಅಲೆ ಅಲೆಯಾಗಿ ಬರುವ ಫ್ರಿಂಜ್ ತೆಗೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು, ಪಿಎಚ್‌ಡಿ ಮೊದಲ ವರ್ಷದವರು, ಪ್ಯಾಕೇಜಿಂಗ್ ಫ್ಯಾಕ್ಟರಿಯ ಕ್ವಾಲಿಟಿ ವಿಭಾಗದವರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಇದನ್ನೇ. ಎಫ್‌ಟಿಐಆರ್‌ನಲ್ಲಿ (ವಸ್ತು ಯಾವ ಅತಿಗೆಂಪು ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಉಪಕರಣ) ತೆಳು ಹಾಳೆ ಇಟ್ಟು ಸ್ಪೆಕ್ಟ್ರಮ್ ತೆಗೆದರೆ ಪೀಕ್‌ಗಳ ಮಧ್ಯೆ ಸಮುದ್ರದ ಅಲೆ ಬಂದು ಕೂರುತ್ತದೆ, ಅದೇ ಫ್ರಿಂಜ್. ಉದಾಹರಣೆಗಳಿಗೆ ಹೆಚ್ಚಾಗಿ ಪಾಲಿಥೀನ್ ಹಾಳೆಯನ್ನೇ ಇಟ್ಟುಕೊಂಡಿದ್ದೇನೆ, ಹಾಲಿನ ಪ್ಯಾಕೆಟ್ಟಿನ ಅಚ್ಚು ಬೀಳದ ಮೂಲೆ ಕತ್ತರಿಸಿದರೆ ಯಾರಿಗಾದರೂ ಸಿಗುವ ಸ್ಯಾಂಪಲ್ ಅದು. ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ತರಂಗ ಹಿಡಿಯುತ್ತದೆ ಅನ್ನುವ ಸಂಖ್ಯೆ) ಎಲ್ಲ ಸೆಂ.ಮೀ⁻¹ನಲ್ಲಿದೆ. ಪ್ರತಿ ಸಲ ಯೂನಿಟ್ ಬರೆಯುವುದಿಲ್ಲ.

ಈ ಅಲೆ ಬರುವುದಾದರೂ ಎಲ್ಲಿಂದ?

ಹಾಳೆಯ ಎರಡು ಮುಖಗಳಿಂದ. ಬೆಳಕಿನ ಬಹುಪಾಲು ಹಾಳೆ ದಾಟಿ ನೇರ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಹಿಂದಿನ ಮುಖಕ್ಕೆ ಬಡಿದು ವಾಪಸ್ ಬಂದು, ಮುಂದಿನ ಮುಖಕ್ಕೆ ಇನ್ನೊಮ್ಮೆ ಬಡಿದು, ಆಮೇಲೆ ಹೊರಬೀಳುತ್ತದೆ. ಹೀಗೆ ತಡವಾಗಿ ಬಂದದ್ದು ನೇರ ಬಂದದ್ದರ ಜೊತೆ ಸೇರಿದಾಗ ಕೆಲವು ವೇವ್‌ನಂಬರ್‌ಗಳಲ್ಲಿ ಎರಡೂ ಕೂಡಿಕೊಳ್ಳುತ್ತವೆ, ಕೆಲವು ಕಡೆ ಒಂದನ್ನೊಂದು ಕಡಿಮೆ ಮಾಡುತ್ತವೆ. ಪಿಯುಸಿಯಲ್ಲಿ ಓದಿದ ವ್ಯತೀಕರಣವೇ ಇದು. ಮಳೆ ಬಂದ ರಸ್ತೆ ಮೇಲೆ ಚೆಲ್ಲಿದ ಪೆಟ್ರೋಲ್ ಬಣ್ಣ ಬಣ್ಣವಾಗಿ ಕಾಣುತ್ತದಲ್ಲ, ಅದೂ ಇದೇ ಆಟ.

ಎಷ್ಟು ಬೆಳಕು ವಾಪಸ್ ಬರುತ್ತದೆ ಅನ್ನುವುದು ವಕ್ರೀಭವನ ಸೂಚ್ಯಂಕದ ಮೇಲೆ ನಿಂತಿದೆ. ಸೂಚ್ಯಂಕ 1.5 ಇರುವ ಪ್ಲಾಸ್ಟಿಕ್ಕಿನಲ್ಲಿ ಒಂದು ಮುಖದಿಂದ 4% ಮಾತ್ರ. ಇಷ್ಟೇನಾ ಅನ್ನಿಸುತ್ತದೆ. ಆದರೆ ಎರಡು ಮುಖಗಳೂ ನುಣುಪಾಗಿ, ಸಮಾನಾಂತರವಾಗಿ ಇದ್ದರೆ ಅಷ್ಟರಿಂದಲೇ ಟ್ರಾನ್ಸ್‌ಮಿಟೆನ್ಸ್ (ದಾಟಿ ಬಂದ ಬೆಳಕಿನ ಪಾಲು) 100%ರಿಂದ 85%ರವರೆಗೆ ಕುಣಿಯಬಹುದು. ಅಬ್ಸಾರ್ಬೆನ್ಸ್ (ಆ ಪಾಲಿನ ಲಾಗ್ ತೆಗೆದು ಚಿಹ್ನೆ ಬದಲಿಸಿದ ಸಂಖ್ಯೆ) ಲೆಕ್ಕದಲ್ಲಿ ಸುಮಾರು 0.07. ನಿಜವಾದ ಹಾಳೆಗಳು ಅಷ್ಟು ಪರ್ಫೆಕ್ಟ್ ಇರುವುದಿಲ್ಲವಾದ್ದರಿಂದ ಅಲೆ ಇದಕ್ಕಿಂತ ಚಿಕ್ಕದಾಗಿ ಬರುತ್ತದೆ. ಸಿಲಿಕಾನ್ ಕಥೆ ಬೇರೆ. ಅದರ ಸೂಚ್ಯಂಕ 3.42, ಒಂದೊಂದು ಮುಖದಿಂದ 30% ವಾಪಸ್. ಎರಡೂ ಕಡೆ ಪಾಲಿಶ್ ಮಾಡಿದ ವೇಫರ್ (ಸಿಲಿಕಾನಿನ ತೆಳು ಬಿಲ್ಲೆ) ಇಟ್ಟು ನೋಡಿದವರಿಗೆ ಗೊತ್ತು, ಸ್ಪೆಕ್ಟ್ರಮ್ ಬಾಚಣಿಗೆ ಆಗಿಬಿಡುತ್ತದೆ.

ಎರಡು ಅಲೆಗಳ ನಡುವಿನ ಅಂತರಕ್ಕೆ ಸೂತ್ರ ಸರಳ:

ಅಂತರ = 1 ÷ (2 × ಸೂಚ್ಯಂಕ × ದಪ್ಪ)

ದಪ್ಪವನ್ನು ಸೆಂಟಿಮೀಟರಿನಲ್ಲಿ ಹಾಕಬೇಕು. 50 ಮೈಕ್ರಾನ್ ಪಾಲಿಥೀನ್, ಸೂಚ್ಯಂಕ 1.51 ಅಂದುಕೊಂಡರೆ ಅಂತರ 66. ಹಾಳೆ ತೆಳುವಾದಷ್ಟೂ ಅಲೆ ಅಗಲ, ದಪ್ಪವಾದಷ್ಟೂ ಒತ್ತೊತ್ತು.

ಇದು ಫ್ರಿಂಜೋ ನಿಜವಾದ ಪೀಕೋ ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು?

ಮೊದಲು 2000ದಿಂದ 2700ರ ನಡುವೆ ನೋಡಿ. ಸಾಮಾನ್ಯ ಪಾಲಿಮರ್‌ಗಳಿಗೆ ಅಲ್ಲಿ ಹೇಳಿಕೊಳ್ಳುವಂಥ ಪೀಕ್ ಇಲ್ಲ. ಅಲ್ಲಿ ಸಮಾನ ಅಂತರದಲ್ಲಿ ಏರಿಳಿತ ಕಂಡರೆ ಫ್ರಿಂಜ್ ಅಂತಲೇ ಲೆಕ್ಕ. ಉಪಕರಣ ಪರೀಕ್ಷಿಸಲು ಕೊಡುವ ಪಾಲಿಸ್ಟೈರೀನ್ ಕಾರ್ಡ್ ಇದ್ದರೆ ಅದನ್ನೇ ಹಾಕಿ ನೋಡಿ. ಸುಮಾರು 38 ಮೈಕ್ರಾನ್ ಹಾಳೆ ಅದು, ಸೂಚ್ಯಂಕ 1.59 ಹಾಕಿದರೆ ಅಂತರ 83 ಹತ್ತಿರ ಬರುತ್ತದೆ. ಇಷ್ಟು ದಿನ ಕಣ್ಣ ಮುಂದೆ ಇದ್ದೂ ಗಮನಿಸಿರುವುದಿಲ್ಲ, ಅಷ್ಟೆ.

ಗೊಂದಲ ಆಗುವುದು ಇನ್ನೆರಡರ ಜೊತೆ. 2350ರ ಹತ್ತಿರ ಜೋಡಿ ಗುಬುಟು ಕಂಡರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್. 1400–1900 ಮತ್ತು 3500–3900ರಲ್ಲಿ ಚೂಪು ಚೂಪಾದ, ಅಂಕೆ ತಪ್ಪಿದ ಗೆರೆಗಳಿದ್ದರೆ ನೀರಾವಿ. ಫ್ರಿಂಜ್ ಯಾವತ್ತೂ ದುಂಡಗೆ, ಲೆಕ್ಕಾಚಾರವಾಗಿ ಬರುತ್ತದೆ. ಇನ್ನೂ ಅನುಮಾನ ಇದ್ದರೆ ಹಾಳೆಯನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು ಸ್ಕ್ಯಾನ್ ತೆಗೆಯಿರಿ. ಪೀಕ್ ಜಾಗ ಬಿಟ್ಟು ಕದಲುವುದಿಲ್ಲ, ಫ್ರಿಂಜ್ ಸರಿದುಬಿಡುತ್ತದೆ.

ಸ್ಕ್ಯಾನ್ ಸಂಖ್ಯೆ ಜಾಸ್ತಿ ಮಾಡಿದರೆ ಹೋಗುತ್ತಾ?

ಇಲ್ಲ. ಇದು ನಾಯ್ಸ್ ಅಲ್ಲ. 16 ಸ್ಕ್ಯಾನ್ ಬದಲು 256 ಹಾಕಿದರೆ ಅಲೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಸ್ಮೂತಿಂಗ್ ಕೊಟ್ಟರೆ?

ಇದೇ ಅತ್ಯಂತ ಕೆಟ್ಟ ದಾರಿ, ಆದರೂ ಸಾಫ್ಟ್‌ವೇರಿನಲ್ಲಿ ಬಟನ್ ಕೈಗೆ ಸಿಗುತ್ತದೆ ಅಂತ ಎಲ್ಲರೂ ಮೊದಲು ಒತ್ತುವುದು ಅದನ್ನೇ. ಸವಿಟ್ಸ್ಕಿ–ಗೋಲೆ ವಿಧಾನ ಆಗಲಿ ಇನ್ನೊಂದಾಗಲಿ, ಸ್ಮೂತಿಂಗ್ (ಅಕ್ಕಪಕ್ಕದ ಬಿಂದುಗಳನ್ನು ನೋಡಿ ಗೆರೆಯನ್ನು ನಯ ಮಾಡುವುದು) ಅಳಿಸುವುದು ಕಿರಿದಾದ ವಸ್ತುಗಳನ್ನು. ಪಾಲಿಥೀನ್‌ನ 720–730 ಜೋಡಿ ಪೀಕಿನ ಅಗಲ ಎಷ್ಟು, 66 ಅಂತರದ ಅಲೆಯ ಅಗಲ ಎಷ್ಟು, ನೀವೇ ಹೋಲಿಸಿ. ಅಲೆ ಸಾಯುವ ಮೊದಲೇ ಪೀಕ್ ಸತ್ತಿರುತ್ತದೆ.

ಸೆಕೆಂಡ್ ಡೆರಿವೇಟಿವ್ ಮಾತ್ರ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಅಗಲದ ಏರಿಳಿತವನ್ನು ಅದು ಕುಗ್ಗಿಸಿ ಕಿರಿದಾದ ಪೀಕನ್ನು ಎತ್ತಿ ತೋರಿಸುತ್ತದೆ. ಪೀಕ್ ಇದೆಯೋ ಇಲ್ಲವೋ, ಇದ್ದರೆ ಎಲ್ಲಿದೆ ಅಂತ ನೋಡಲು ಸಾಕು.

ಬೇಸ್‌ಲೈನ್ ಕರೆಕ್ಷನ್?

ಬೇಸ್‌ಲೈನ್ ಅಂದರೆ ಪೀಕ್‌ಗಳು ನಿಂತಿರುವ ತಳದ ಗೆರೆ. ಅದನ್ನು ತಿದ್ದಿದರೆ ಸಾಕಾ ಅನ್ನುವುದು ಹಾಳೆ ಎಷ್ಟು ದಪ್ಪ ಅನ್ನುವುದರ ಮೇಲೆ. ಸಿಲಿಕಾನ್ ಮೇಲೆ ಸ್ಪಿನ್ ಮಾಡಿದ (ದ್ರಾವಣ ಸುರಿದು ತಿರುಗಿಸಿ ಹರಡಿದ) 1 ಮೈಕ್ರಾನ್ ಪಾಲಿಮರ್ ಪದರ ಇದ್ದರೆ ಅದರ ಫ್ರಿಂಜ್ ಅಂತರ 3300 ದಾಟುತ್ತದೆ, ಅಂದರೆ ಇಡೀ ಸ್ಪೆಕ್ಟ್ರಮ್‌ನಲ್ಲಿ ಒಂದೇ ಒಂದು ಅಲೆ. ಅದು ಅಲೆಯಂತೆ ಕಾಣುವುದೇ ಇಲ್ಲ, ಇಳಿಜಾರು ಬೇಸ್‌ಲೈನ್ ಥರ ಕಾಣುತ್ತದೆ. ಅಂಥ ಕಡೆ ಬೇಸ್‌ಲೈನ್ ತಿದ್ದುವುದು ಓಕೆ. 5 ಮೈಕ್ರಾನ್‌ಗೆ ಅಂತರ 660 ಚಿಲ್ಲರೆ, ಇದನ್ನೂ ಎಚ್ಚರಿಕೆಯಿಂದ ತಿದ್ದಬಹುದು. ಆದರೆ 50 ಮೈಕ್ರಾನ್ ಹಾಳೆಗೆ ಬಿಂದು ಬಿಂದು ಇಟ್ಟು ಬೇಸ್‌ಲೈನ್ ಎಳೆಯುತ್ತಾ ಕೂತರೆ ಪೀಕಿನ ಬುಡ ಎಲ್ಲಿ ಅಂತ ತೀರ್ಮಾನ ಮಾಡುವುದು ನಿಮ್ಮ ಮೌಸ್, ಅಳತೆ ಅಲ್ಲ.

ಅಲೆ ಇದ್ದರೆ ಇರಲಿ, ತೆಗೆಯಲೇಬೇಕಾ?

ಇದು ಒಳ್ಳೆಯ ಪ್ರಶ್ನೆ, ಯಾರೂ ಕೇಳುವುದಿಲ್ಲ. "ಇದು ಪಾಲಿಥೀನೋ ಪಾಲಿಪ್ರೊಪಿಲೀನೋ" ಅಂತ ಗುರುತಿಸುವುದಷ್ಟೇ ಕೆಲಸವಾದರೆ ಬೇಡವೇ ಬೇಡ. ಪೀಕ್‌ಗಳು ದೊಡ್ಡವು, ಅಲೆ ಚಿಕ್ಕದು, ಸುಮ್ನೆ ಬಿಡಿ. ತಿದ್ದಿದ ಸ್ಪೆಕ್ಟ್ರಮ್‌ಗಿಂತ ಅಲೆ ಇರುವ ಅಸಲಿ ಸ್ಪೆಕ್ಟ್ರಮ್ ಮೇಲೆ ನನಗೆ ನಂಬಿಕೆ ಜಾಸ್ತಿ.

ತೊಂದರೆ ಶುರುವಾಗುವುದು ಚಿಕ್ಕ ಪೀಕನ್ನು ಅಳೆಯಬೇಕಾದಾಗ. ಬಿಸಿಲಿಗೆ ಹಳತಾದ ಪಾಲಿಥೀನ್‌ನಲ್ಲಿ ಕಾರ್ಬೊನಿಲ್ ಇಂಡೆಕ್ಸ್ (ಕಾರ್ಬನ್-ಆಕ್ಸಿಜನ್ ಬಂಧದ ಪೀಕ್ ನೋಡಿ ಹಾಳೆ ಎಷ್ಟು ಹಳತಾಗಿದೆ ಅಂತ ಹೇಳುವ ಸಂಖ್ಯೆ) ತೆಗೆಯುವವರನ್ನು ಕೇಳಿ. 1715ರ ಹತ್ತಿರ ಏಳುವ ಕಾರ್ಬೊನಿಲ್ ಪೀಕ್ ಮೊದಮೊದಲು 0.02 ಅಷ್ಟೂ ಇರುವುದಿಲ್ಲ. 50 ಮೈಕ್ರಾನ್ ಹಾಳೆಯ ಅಲೆಯಲ್ಲಿ ಒಂದು ಉಬ್ಬಿನ ಅಗಲ ಸುಮಾರು 33, ಅದು ಕಾರ್ಬೊನಿಲ್ ಪೀಕಿನ ಅಗಲಕ್ಕೆ ಬಹಳ ಹತ್ತಿರ. ಉಬ್ಬು ಸರಿಯಾಗಿ 1715ಕ್ಕೇ ಬಂದು ಕೂತರೆ ಹೊಸ ಹಾಳೆಯೂ ಹಳತಾಗಿದೆ ಅನ್ನಿಸುತ್ತದೆ. ತಗ್ಗು ಬಂದು ಕೂತರೆ ನಿಜವಾಗಿ ಹಳತಾದದ್ದೂ ಹೊಚ್ಚ ಹೊಸದು. ಇನ್ನೊಂದು ಚಮತ್ಕಾರ ಏನೆಂದರೆ, ದಪ್ಪದ ವ್ಯತ್ಯಾಸ ಸರಿದೂಗಿಸಲು ಹಲವರು ಭಾಗಿಸುವುದು 2020ರ ಸಣ್ಣ ಪೀಕಿನಿಂದ. ಅದೂ ಅದೇ ಅಲೆಯ ಮೇಲೆ ಕೂತಿದೆ. ಮೇಲಿನ ಸಂಖ್ಯೆಯೂ ಅಲ್ಲಾಡುತ್ತದೆ, ಕೆಳಗಿನದೂ ಅಲ್ಲಾಡುತ್ತದೆ. ಆಮೇಲೆ "ಮೂರು ಸ್ಯಾಂಪಲ್‌ಗೆ ಮೂರು ಥರ ಬಂತು" ಅಂತ ತಲೆ ಕೆರೆದುಕೊಳ್ಳುವುದು.

ಗಣಿತಕ್ಕೆ ಹೋಗುವ ಮೊದಲು ಸ್ಯಾಂಪಲ್‌ನಲ್ಲೇ ಏನಾದರೂ ಮಾಡಬಹುದಾ?

ಮಾಡಬೇಕು. ನನ್ನ ಮಟ್ಟಿಗೆ ಇದೇ ಮೊದಲ ಮದ್ದು. ಫ್ರಿಂಜ್ ಬರಬೇಕಾದರೆ ಎರಡೂ ಮುಖ ನುಣುಪಾಗಿರಬೇಕು, ಸಮಾನಾಂತರ ಇರಬೇಕು. ಇದರಲ್ಲಿ ಒಂದನ್ನು ಕೆಡಿಸಿದರೆ ಕೆಲಸ ಮುಗಿಯಿತು.

ಸುಲಭದ್ದು ನೀರು ಕಾಗದ, ಅದೇ ಪೇಂಟರ್‌ಗಳು ಬಳಸುವ ಕಪ್ಪು ಎಮರಿ. ನಯವಾದ ನಂಬರಿನದು ತೆಗೆದುಕೊಳ್ಳಿ, 600 ಅಥವಾ 1000. ಹಾಳೆಯನ್ನು ಗಾಜಿನ ಮೇಲೆ ಬಿಗಿಯಾಗಿ ಅಂಟಿಸಿ, ಒಂದು ಮುಖವನ್ನು ಮಾತ್ರ, ಗುಂಡಗೆ ತಿರುಗಿಸುತ್ತಾ ಹಗುರವಾಗಿ ಉಜ್ಜಿ. ಒಂದೇ ದಿಕ್ಕಿಗೆ ಉಜ್ಜಿದರೆ ಗೀರುಗಳು ಒಂದೇ ಸಾಲಾಗಿ ಬೀಳುತ್ತವೆ. ಮೇಲ್ಮೈ ಮಂಜು ಕವಿದ ಹಾಗೆ ಆದರೆ ಸಾಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಟಿಶ್ಯೂವಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಒರೆಸದೆ ಬಿಟ್ಟರೆ ಎಮರಿಯ ಸಿಲಿಕಾನ್ ಕಾರ್ಬೈಡ್ ಪುಡಿ 800ರ ಸುತ್ತ ತನ್ನದೇ ಪೀಕ್ ತೋರಿಸುತ್ತದೆ, ಆ ಪೀಕ್ ಏನಂತ ಹುಡುಕುತ್ತಾ ಒಂದು ವಾರ ಕಳೆಯುತ್ತೀರಿ.

ಇದರ ಮಿತಿಯೂ ಗೊತ್ತಿರಲಿ. ಗೀರಿನ ಆಳ ಬೆಳಕಿನ ತರಂಗಾಂತರಕ್ಕೆ ಹೋಲಿಸುವಷ್ಟು ಇದ್ದರೆ ಮಾತ್ರ ಅಲೆ ಒಡೆಯುತ್ತದೆ. 4000ದಲ್ಲಿ ತರಂಗಾಂತರ 2.5 ಮೈಕ್ರಾನ್, 400ರಲ್ಲಿ 25 ಮೈಕ್ರಾನ್. ಹಾಗಾಗಿ ಎಡಗಡೆ ಅಲೆ ಮಾಯವಾಗಿ ಬಲಗಡೆ 600–900ರಲ್ಲಿ ಉಳಿದುಕೊಂಡರೆ ಗಾಬರಿ ಬೇಡ. ಜೊತೆಗೆ ಬೆಳಕು ಚದುರುವುದರಿಂದ 4000ದ ಕಡೆ ಬೇಸ್‌ಲೈನ್ ಸ್ವಲ್ಪ ಏರುತ್ತದೆ.

ಹಾಳೆಯನ್ನು ನೀವೇ ಕಾಸ್ಟ್ ಮಾಡುವವರಾದರೆ ಇನ್ನೂ ಸುಲಭ. ನುಣುಪು ಗಾಜಿನ ಬದಲು ಉಜ್ಜಿದ ಗಾಜಿನ ಮೇಲೆ ಸುರಿಯಿರಿ. ಅದರ ಒರಟು ಹಾಳೆಗೆ ತಾನಾಗಿ ಬರುತ್ತದೆ.

ಇನ್ನೊಂದು ದಾರಿ ಎಣ್ಣೆ. ಹಾಳೆಯನ್ನು ಎರಡು ಕೆಬಿಆರ್ (ಪೊಟ್ಯಾಶಿಯಂ ಬ್ರೋಮೈಡ್, ಅತಿಗೆಂಪು ಬೆಳಕು ದಾಟುವ ಉಪ್ಪು) ಕಿಟಕಿಗಳ ಮಧ್ಯೆ ಒಂದೊಂದು ಹನಿ ಎಣ್ಣೆ ಹಾಕಿ ಒತ್ತಿದರೆ ಪ್ಲಾಸ್ಟಿಕ್ಕಿಗೂ ಎಣ್ಣೆಗೂ ಸೂಚ್ಯಂಕ ಹತ್ತಿರ ಹತ್ತಿರ ಇರುವುದರಿಂದ ಪ್ರತಿಫಲನವೇ ನಿಂತುಹೋಗುತ್ತದೆ. ಆದರೆ ಯಾವ ಎಣ್ಣೆ? ನುಜೋಲ್ ಅನ್ನುವ ಖನಿಜ ತೈಲ ಹೈಡ್ರೋಕಾರ್ಬನ್. 2850–2950, 1460, 1377ರಲ್ಲಿ ಅದರದೇ ಪೀಕ್‌ಗಳಿವೆ. ಪಾಲಿಥೀನ್‌ಗೆ ನುಜೋಲ್ ಹಚ್ಚಿದರೆ ಹುಡುಕುವ ವಸ್ತುವನ್ನೇ ಮೇಲೆ ಸುರಿದ ಹಾಗಾಯಿತು. 1300ಕ್ಕಿಂತ ಮೇಲಿನ ಭಾಗ ಸಾಕು ಅನ್ನುವವರಿಗೆ ಫ್ಲೋರೋಲೂಬ್ ಅನ್ನುವ ಫ್ಲೋರಿನ್ ಇರುವ ಎಣ್ಣೆ ಸರಿ.

ಎಟಿಆರ್‌ನಲ್ಲಿ ತೆಗೆದರೆ ಈ ತಲೆನೋವೇ ಇರುವುದಿಲ್ಲ ಅಲ್ವಾ?

ಇರುವುದಿಲ್ಲ, ಹೆಚ್ಚು ಕಮ್ಮಿ. ಎಟಿಆರ್‌ನಲ್ಲಿ ಹಾಳೆಯನ್ನು ಒಂದು ಹರಳಿಗೆ ಒತ್ತಿ, ಹರಳಿನೊಳಗೆ ಪ್ರತಿಫಲಿಸುವ ಬೆಳಕಿನಿಂದ ಅಳೆಯುತ್ತಾರೆ, ಬೆಳಕು ಹಾಳೆಯ ಹಿಂಬದಿಯವರೆಗೆ ಹೋಗುವುದೇ ಇಲ್ಲ. ವಜ್ರದ ಎಟಿಆರ್, 45 ಡಿಗ್ರಿ, ಸೂಚ್ಯಂಕ 1.5 ಇರುವ ಸ್ಯಾಂಪಲ್ ಅಂದರೆ 1000ದಲ್ಲಿ ಒಳಹೊಕ್ಕುವ ಆಳ ಸುಮಾರು 2 ಮೈಕ್ರಾನ್. ಸ್ಯಾಂಪಲ್ ಗುರುತಿಸುವವರು ಕಣ್ಣು ಮುಚ್ಚಿ ಎಟಿಆರ್‌ಗೆ ಹೋಗಿ.

ಆದರೆ ಆ 2 ಮೈಕ್ರಾನ್ ಮಾತ್ರ ಕಾಣುತ್ತದೆ ಅನ್ನುವುದೇ ಅದರ ಕೊರತೆ ಕೂಡ. ಹಲವು ಪದರಗಳ ಪ್ಯಾಕೇಜಿಂಗ್ ಹಾಳೆಯಲ್ಲಿ ಮೇಲಿನ ಪದರ ಬಿಟ್ಟು ಏನೂ ಕಾಣದು. 2020ರಂಥ ದುರ್ಬಲ ಪೀಕ್ ಅಳೆಯುವಷ್ಟು ದಾರಿಯೂ ಸಿಗುವುದಿಲ್ಲ. ಹಾಳೆಯ ಪೂರ್ತಿ ದಪ್ಪದಲ್ಲಿ ಏನಿದೆ ಅಂತ ಬೇಕಾದಾಗ ಟ್ರಾನ್ಸ್‌ಮಿಶನ್ (ಬೆಳಕನ್ನು ಹಾಳೆ ದಾಟಿಸಿ ಅಳೆಯುವುದು) ಬಿಟ್ಟು ಗತಿಯಿಲ್ಲ.

ಹಾಳೆಯನ್ನು ಓರೆಯಾಗಿ ಇಟ್ಟರೆ ಫ್ರಿಂಜ್ ಹೋಗುತ್ತದೆ ಅಂತ ಯಾರೋ ಹೇಳಿದರು.

ಅರ್ಧ ಸತ್ಯ. ಬ್ರೂಸ್ಟರ್ ಕೋನದಲ್ಲಿ ಇಟ್ಟು, ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ದಾಟಿಸುವ ಫಿಲ್ಟರ್) ಹಾಕಿ ಪಿ-ಧ್ರುವೀಕೃತ (ಪ್ರತಿಫಲನದ ಸಮತಲದಲ್ಲೇ ಕಂಪಿಸುವ) ಬೆಳಕನ್ನು ಮಾತ್ರ ಬಿಟ್ಟರೆ ಪ್ರತಿಫಲನ ಸೊನ್ನೆ, ಫ್ರಿಂಜೂ ಸೊನ್ನೆ. ಸೂಚ್ಯಂಕ 1.5ಕ್ಕೆ ಆ ಕೋನ 56 ಡಿಗ್ರಿ ಚಿಲ್ಲರೆ. ಚೆಂದದ ವಿಧಾನ, ಸ್ಯಾಂಪಲ್ಲಿಗೆ ಒಂದು ಗೀರೂ ಬೀಳುವುದಿಲ್ಲ.

ಪೋಲರೈಸರ್ ಇಲ್ಲದೆ ಬರೀ ತಿರುಗಿಸಿದರೆ? ಅದೇ 56 ಡಿಗ್ರಿಯಲ್ಲಿ ಎಸ್-ಧ್ರುವೀಕರಣದ (ಆ ಸಮತಲಕ್ಕೆ ಅಡ್ಡಲಾಗಿ ಕಂಪಿಸುವ) ಬೆಳಕು ಒಂದು ಮುಖದಿಂದ 15% ವಾಪಸ್ ಬರುತ್ತದೆ, ನೇರ ಇಟ್ಟಾಗ ಇದ್ದದ್ದು 4%. ಅಂದರೆ ಅಲೆ ಕಮ್ಮಿ ಆಗುವ ಬದಲು ಜಾಸ್ತಿಯೇ ಆಗಬಹುದು. ಪೋಲರೈಸರ್ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಇದ್ದರೂ ಮೂರು ಮಾತು ನೆನಪಿಡಿ. ಓರೆ ಇಟ್ಟಾಗ ಹಾಳೆಯೊಳಗಿನ ದಾರಿ ಸುಮಾರು 1.2 ಪಟ್ಟು ಉದ್ದವಾಗುತ್ತದೆ, ಅಬ್ಸಾರ್ಬೆನ್ಸ್ ಅಷ್ಟೇ ಏರುತ್ತದೆ. ಬೆಳಕಿನ ಚುಕ್ಕೆ ಹಾಳೆಯ ಮೇಲೆ 1.8 ಪಟ್ಟು ಉದ್ದಕ್ಕೆ ಹರಡುತ್ತದೆ, ಚಿಕ್ಕ ತುಂಡು ಸಾಲದು. ಮತ್ತೆ, ಎಳೆದು ತಯಾರಿಸಿದ ಹಾಳೆಯಲ್ಲಿ ಅಣುಗಳು ಒಂದು ದಿಕ್ಕಿಗೆ ವಾಲಿರುವುದರಿಂದ ಪೋಲರೈಸರ್ ಹಾಕಿದ ಕೂಡಲೇ ಪೀಕ್‌ಗಳ ಎತ್ತರದ ಅನುಪಾತ ಬದಲಾಗುತ್ತದೆ.

ರೆಸಲ್ಯೂಷನ್ ಇಳಿಸಿದರೆ ಆಗುತ್ತಾ?

ದಪ್ಪ ಸ್ಯಾಂಪಲ್‌ಗೆ ಆಗುತ್ತದೆ, ತೆಳು ಹಾಳೆಗೆ ಆಗುವುದಿಲ್ಲ. ರೆಸಲ್ಯೂಷನ್ ಸಂಖ್ಯೆ ದೊಡ್ಡದಾದಷ್ಟೂ ಸೂಕ್ಷ್ಮ ವಿವರ ಕಾಣುವುದು ಕಮ್ಮಿ. 500 ಮೈಕ್ರಾನ್ ಸಿಲಿಕಾನ್ ವೇಫರಿನ ಫ್ರಿಂಜ್ ಅಂತರ 2.9. ರೆಸಲ್ಯೂಷನ್ 4ರಲ್ಲಿ ಇಟ್ಟರೆ ಉಪಕರಣಕ್ಕೆ ಅದು ಕಾಣುವುದೇ ಇಲ್ಲ, 2ಕ್ಕೆ ತಂದ ಕೂಡಲೇ ಬಾಚಣಿಗೆ ಪ್ರತ್ಯಕ್ಷ. ವೇಫರಿನಲ್ಲಿ 1107ರ ಆಕ್ಸಿಜನ್ ಪೀಕ್ ನೋಡುವವರಿಗೆ ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. 50 ಮೈಕ್ರಾನ್ ಪಾಲಿಥೀನ್‌ಗೆ ಇದೇ ಉಪಾಯ ಮಾಡಬೇಕೆಂದರೆ ರೆಸಲ್ಯೂಷನ್ 66ಕ್ಕಿಂತ ಕೆಟ್ಟದಾಗಿರಬೇಕು. ಆಗ ಸ್ಪೆಕ್ಟ್ರಮ್‌ನಲ್ಲಿ ಉಳಿಯುವುದೇನು?

ಇಂಟರ್‌ಫೆರೋಗ್ರಾಮ್‌ನಲ್ಲೇ ಫ್ರಿಂಜ್ ಕತ್ತರಿಸುವುದು ಅಂದರೇನು?

ಎಫ್‌ಟಿಐಆರ್ ನಿಜವಾಗಿ ಅಳೆಯುವುದು ಸ್ಪೆಕ್ಟ್ರಮ್ ಅಲ್ಲ, ಇಂಟರ್‌ಫೆರೋಗ್ರಾಮ್. ಕನ್ನಡಿ ಸರಿಯುತ್ತಾ ಹೋದ ಹಾಗೆ ಡಿಟೆಕ್ಟರ್‌ಗೆ ಬಿದ್ದ ಬೆಳಕಿನ ದಾಖಲೆ ಅದು. ಮಧ್ಯದಲ್ಲಿ ಒಂದು ದೊಡ್ಡ ಶಿಖರ, ಅಕ್ಕಪಕ್ಕ ಬಾಲ. ಸ್ಪೆಕ್ಟ್ರಮ್ ಉದ್ದಕ್ಕೂ ಹರಡಿಕೊಂಡು ಕಾಟ ಕೊಡುವ ಫ್ರಿಂಜ್ ಇಲ್ಲಿ ಒಂದೇ ಕಡೆ ಗುಡ್ಡೆಯಾಗಿ ಸಿಕ್ಕಿಬೀಳುತ್ತದೆ, ಏಕೆಂದರೆ ಒಂದೇ ಅಂತರದಲ್ಲಿ ಮರುಕಳಿಸುವ ಯಾವುದೇ ಅಲೆ ಫೂರಿಯರ್ ಟ್ರಾನ್ಸ್‌ಫಾರ್ಮ್‌ನ (ಇಂಟರ್‌ಫೆರೋಗ್ರಾಮನ್ನು ಸ್ಪೆಕ್ಟ್ರಮ್ ಮಾಡುವ ಗಣಿತ) ಆಚೆ ಬದಿಯಲ್ಲಿ ಒಂದು ಬಿಂದುವಿನ ಸುತ್ತ ಬಂದು ಸೇರಲೇಬೇಕು. ಆ ಗುಡ್ಡೆಗೆ ಸೈಡ್‌ಬರ್ಸ್ಟ್ ಅನ್ನುತ್ತಾರೆ. ಈ ದಾರಿ ಹಳೆಯದು, 1976ರಲ್ಲೇ ಹಿರ್ಷ್‌ಫೆಲ್ಡ್ ಮತ್ತು ಮ್ಯಾಂಟ್ಜ್ ತೆಳು ಹಾಳೆಯ ಫ್ರಿಂಜನ್ನು ಎಫ್‌ಟಿಐಆರ್‌ನಲ್ಲಿ ತೆಗೆಯುವ ಬಗ್ಗೆ ಪೇಪರ್ ಬರೆದಿದ್ದರು.

ಎಲ್ಲಿ ಹುಡುಕಬೇಕು? ಲೆಕ್ಕ ಹಾಕಿ. ಸೈಡ್‌ಬರ್ಸ್ಟ್ ಬರುವ ದೂರ = 2 × ಸೂಚ್ಯಂಕ × ದಪ್ಪ. 50 ಮೈಕ್ರಾನ್ ಪಾಲಿಥೀನ್‌ಗೆ 151 ಮೈಕ್ರಾನ್. ಉಪಕರಣ ಹೀಲಿಯಂ-ನಿಯಾನ್ ಲೇಸರಿನ ಒಂದೊಂದು ತರಂಗಕ್ಕೆ, ಅಂದರೆ 0.6328 ಮೈಕ್ರಾನ್‌ಗೆ ಒಂದು ಬಿಂದು ದಾಖಲಿಸುತ್ತಿದ್ದರೆ ಮಧ್ಯದ ಶಿಖರದಿಂದ ಸುಮಾರು 239ನೇ ಬಿಂದುವಿನ ಸುತ್ತ. ತರಂಗಕ್ಕೆ ಎರಡು ಬಿಂದು ತೆಗೆಯುವ ಸೆಟ್ಟಿಂಗ್ ಇದ್ದರೆ 477ರ ಸುತ್ತ. ಅದರ ಎತ್ತರ ಮಧ್ಯದ ಶಿಖರದ 4%ಗಿಂತ ಕಮ್ಮಿ, ಆದ್ದರಿಂದ ಲಂಬ ಅಕ್ಷವನ್ನು ಚೆನ್ನಾಗಿ ಹಿಗ್ಗಿಸಿ ನೋಡಬೇಕು. ಜೊತೆಗೆ ಖಾಲಿ ಬ್ಯಾಕ್‌ಗ್ರೌಂಡಿನ (ಸ್ಯಾಂಪಲ್ ಇಡದೆ ತೆಗೆದ) ಇಂಟರ್‌ಫೆರೋಗ್ರಾಮ್ ಇಟ್ಟು ಹೋಲಿಸಿ. ಅದರಲ್ಲೂ ಅದೇ ಜಾಗದಲ್ಲಿ ಗುಡ್ಡೆ ಇದ್ದರೆ ಅದು ಉಪಕರಣದ್ದು, ಮುಟ್ಟಬೇಡಿ.

ಸಿಕ್ಕ ಮೇಲೆ ಅಲ್ಲಿನ ಹತ್ತಾರು ಬಿಂದುಗಳನ್ನು ತೆಗೆದು, ಅಕ್ಕಪಕ್ಕದ ಬಿಂದುಗಳನ್ನು ಸೇರಿಸುವ ನೇರ ಗೆರೆ ಹಾಕಿ. ಎರಡು ಬದಿಯ ಇಂಟರ್‌ಫೆರೋಗ್ರಾಮ್ ಆದರೆ ಎರಡೂ ಕಡೆ ಮಾಡಬೇಕು. ಆಮೇಲೆ ಎಂದಿನ ಹಾಗೆ ಫೂರಿಯರ್ ಟ್ರಾನ್ಸ್‌ಫಾರ್ಮ್ ಮಾಡಿ ಬ್ಯಾಕ್‌ಗ್ರೌಂಡಿನಿಂದ ಭಾಗಿಸಿ.

ಇದಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಅದೇ ಹಾಳೆಯ ದಪ್ಪ ತುಸು ಬೇರೆ ಇರುವ ಜಾಗದಲ್ಲಿ, ಅಥವಾ ಹಾಳೆಯನ್ನು ಸ್ವಲ್ಪ ಓರೆ ಮಾಡಿ, ಇನ್ನೊಂದು ಇಂಟರ್‌ಫೆರೋಗ್ರಾಮ್ ತೆಗೆಯಿರಿ. ಅದರಲ್ಲಿ ಗುಡ್ಡೆ ಬೇರೆ ಕಡೆ ಬಿದ್ದಿರುತ್ತದೆ. ಮೊದಲನೆಯದರ ಕೆಟ್ಟ ತುಂಡಿನ ಜಾಗಕ್ಕೆ ಎರಡನೆಯದರ ಒಳ್ಳೆಯ ತುಂಡು ಕೂರಿಸಿ. ನೇರ ಗೆರೆ ಹಾಕಿದರೆ ಅಲ್ಲಿದ್ದ ನಿಜವಾದ ಮಾಹಿತಿಯೂ ಹೋಗುತ್ತದೆ, ಇಲ್ಲಿ ಅಷ್ಟು ಹೋಗುವುದಿಲ್ಲ.

ಮಾಹಿತಿ ಹೋಗುತ್ತದೆ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚೂಪಾದ ಪೀಕ್ ಇಂಟರ್‌ಫೆರೋಗ್ರಾಮ್‌ನಲ್ಲಿ ಬಹಳ ದೂರದವರೆಗೆ ಹರಡಿಕೊಂಡಿರುತ್ತದೆ. 239ನೇ ಬಿಂದುವಿನ ಹತ್ತಿರ ಫ್ರಿಂಜ್ ಜೊತೆ ಅದರದ್ದೂ ಒಂದು ಪಾಲು ಇರುತ್ತದೆ. ಅದನ್ನೂ ಕತ್ತರಿಸಿದಾಗ ಪೀಕಿನ ಎರಡೂ ಬುಡದಲ್ಲಿ ಚಿಕ್ಕ ಅಲೆಗಳು ಹುಟ್ಟುತ್ತವೆ. ಅಗಲ ಕತ್ತರಿಸಿದಷ್ಟೂ ಹಾನಿ ಹೆಚ್ಚು.

ನನ್ನ ಹತ್ತಿರ ಇಂಟರ್‌ಫೆರೋಗ್ರಾಮ್ ಇಲ್ಲ, ಬೇರೆ ಕಡೆ ಅಳೆಸಿ ತಂದ ಸಿಎಸ್‌ವಿ ಫೈಲ್ ಅಷ್ಟೇ ಇದೆ.

ಮುಂದಿನ ಸಲ ಸ್ಯಾಂಪಲ್ ಕೊಡುವಾಗಲೇ "ಇಂಟರ್‌ಫೆರೋಗ್ರಾಮ್ ಕೂಡ ಸೇವ್ ಮಾಡಿಕೊಡಿ ಸರ್" ಅಂತ ಹೇಳಿ. ಬಹಳ ಕಡೆ ಆ ಆಯ್ಕೆ ಆಫ್ ಇರುತ್ತದೆ.

ಈಗ ಇರುವುದರಲ್ಲೇ ಮಾಡಬೇಕೆಂದರೆ ಸೈನ್ ಅಲೆ ಫಿಟ್ ಮಾಡಿ ಕಳೆಯುವುದು. ಅಬ್ಸಾರ್ಬೆನ್ಸ್‌ಗೆ ಬದಲಿಸಿಕೊಳ್ಳಿ. ಟ್ರಾನ್ಸ್‌ಮಿಟೆನ್ಸ್‌ನಲ್ಲಿ ಫ್ರಿಂಜ್ ಗುಣಿಸಿಕೊಂಡು ಕೂತಿರುತ್ತದೆ, ಲಾಗ್ ತೆಗೆದರೆ ಕೂಡಿಕೊಂಡು ಕೂರುತ್ತದೆ, ಕಳೆಯಲು ಸುಲಭ. ಪೀಕ್ ಇಲ್ಲದ ಭಾಗ ಆರಿಸಿ. ಪಾಲಿಥೀನ್‌ಗೆ 1780–2000 ಮತ್ತು 2050–2280 ಚೆನ್ನಾಗಿದೆ, ಕಾರ್ಬೊನಿಲ್‌ನ ಇನ್ನೊಂದು ಬದಿಯಲ್ಲಿ 1550–1650 ಸಿಕ್ಕರೆ ಅದನ್ನೂ ಸೇರಿಸಿ. ಅಂತರದ ಅಂದಾಜನ್ನು ಕೈಯಲ್ಲೇ ಎಣಿಸಿ ಕೊಡಿ, ಇಲ್ಲವಾದರೆ ಫಿಟ್ ಎಲ್ಲೆಲ್ಲಿಗೋ ಓಡುತ್ತದೆ. ಒಂದು ಕೊಸೈನ್, ಅದರ ಎತ್ತರ, ಅಂತರ, ಫೇಸ್ (ಅಲೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದು), ಜೊತೆಗೆ ಬೇಸ್‌ಲೈನ್‌ಗೆ ಒಂದು ಎರಡನೇ ದರ್ಜೆಯ ಬಹುಪದ. ಪೈಥಾನ್ ಬರುವವರಿಗೆ ಸೈಪೈನ ಕರ್ವ್ ಫಿಟ್ ಸಾಕು, ಬರದವರಿಗೆ ಎಕ್ಸೆಲ್‌ನ ಸಾಲ್ವರ್ ಕೂಡ ಈ ಕೆಲಸ ಮಾಡುತ್ತದೆ.

ಇಡೀ 400–4000ಕ್ಕೆ ಒಂದೇ ಕೊಸೈನ್ ಹಾಕಲು ಹೋಗಬೇಡಿ. ದೊಡ್ಡ ಪೀಕ್‌ನ ಅಕ್ಕಪಕ್ಕ ಸೂಚ್ಯಂಕವೇ ಏರಿಳಿಯುತ್ತದೆ, ಅಲೆಯ ಫೇಸ್ ಜಾರುತ್ತದೆ. ಪೀಕಿನ ಒಳಗೆ ಬೆಳಕು ಹೀರಿಕೊಂಡು ಹೋಗುವುದರಿಂದ ಅಲೆ ಸಣಕಲಾಗುತ್ತದೆ. 2900ರ ಆಚೆ ಬದಿಯಲ್ಲಿ ಮಾಡಿದ ಫಿಟ್ಟನ್ನು 1715ಕ್ಕೆ ಎಳೆದು ತಂದರೆ ಅಲೆ ಕಳೆಯುವ ಬದಲು ಇನ್ನೊಂದು ಅಲೆ ಸೇರಿಸಿದ ಹಾಗೆ ಆಗಬಹುದು. ನಿಮಗೆ ಬೇಕಾದ ಪೀಕಿನ ಎರಡೂ ಕಡೆ, ಹತ್ತಿರದಲ್ಲಿ ಫಿಟ್ ಮಾಡಿ, ಅಲ್ಲಿಗೆ ಮಾತ್ರ ಬಳಸಿ.

ಸರಿಯಾಗಿ ಹೋಗಿದೆ ಅಂತ ಹೇಗೆ ನಂಬುವುದು?

ತಿದ್ದುವ ಮೊದಲಿನದರಿಂದ ತಿದ್ದಿದ್ದನ್ನು ಕಳೆದು ಉಳಿದದ್ದನ್ನು ಪ್ಲಾಟ್ ಮಾಡಿ. ಅಲ್ಲಿ ಬರೀ ಅಲೆ ಕಾಣಬೇಕು, ಬೇರೇನೂ ಇರಬಾರದು. 1462 ಅಥವಾ 720ರ ಜಾಗದಲ್ಲಿ ಪೀಕ್ ಆಕಾರದ ಉಬ್ಬು ಕಂಡರೆ ಫ್ರಿಂಜ್ ಜೊತೆ ಪೀಕನ್ನೂ ತಿಂದಿದ್ದೀರಿ ಅಂತ ಅರ್ಥ. ಇನ್ನೊಂದು ಪರೀಕ್ಷೆ, ಒಂದೇ ಹಾಳೆಯ ಮೂರ್ನಾಲ್ಕು ಜಾಗದಲ್ಲಿ ಅಳೆದು ಎಲ್ಲವನ್ನೂ ಒಂದೇ ರೀತಿ ತಿದ್ದಿ ನೋಡುವುದು. ತಿದ್ದುವ ಮೊದಲು ಚದುರಿದ್ದ ಕಾರ್ಬೊನಿಲ್ ಎತ್ತರಗಳು ಆಮೇಲೆ ಹತ್ತಿರ ಬಂದರೆ ಸರಿ. ಸ್ಪೆಕ್ಟ್ರಮ್ ಚೆಂದ ಕಾಣುತ್ತಿದೆ ಅನ್ನುವುದು ಯಾವ ಪುರಾವೆಯೂ ಅಲ್ಲ.

ಲಿಕ್ವಿಡ್ ಸೆಲ್‌ಗೆ ಖಾಲಿ ಸೆಲ್ಲನ್ನೇ ಬ್ಯಾಕ್‌ಗ್ರೌಂಡ್ ಹಾಕಿದೆ, ಆಮೇಲೆ ಫ್ರಿಂಜ್ ಬಂತು. ಯಾಕೆ?

ಫ್ರಿಂಜ್ ಇರುವುದು ಖಾಲಿ ಸೆಲ್‌ನಲ್ಲಿ. ಎರಡು ಕೆಬಿಆರ್ ಕಿಟಕಿಗಳ ನಡುವಿನ ಗಾಳಿಯೇ ಅಲ್ಲಿ ತೆಳು ಹಾಳೆ. ದ್ರವ ತುಂಬಿದ ಮೇಲೆ ಸೂಚ್ಯಂಕಗಳು ಹತ್ತಿರ ಬಂದು ಫ್ರಿಂಜ್ ಬಹುತೇಕ ಸಾಯುತ್ತದೆ. ನೀವು ಭಾಗಿಸಿದಾಗ ಬ್ಯಾಕ್‌ಗ್ರೌಂಡಿನ ಅಲೆ ಉಲ್ಟಾ ಆಗಿ ಸ್ಯಾಂಪಲ್ ಮೇಲೆ ಬಂದು ಕೂತಿತು. ಸೆಲ್ ತೆಗೆದು ಬರೀ ಗಾಳಿಯ ಬ್ಯಾಕ್‌ಗ್ರೌಂಡ್ ತೆಗೆಯಿರಿ, ಅಥವಾ ಅದೇ ಸೆಲ್‌ಗೆ ಸಾಲ್ವೆಂಟ್ ತುಂಬಿ.

ಫ್ರಿಂಜ್‌ನಿಂದ ಏನೂ ಉಪಯೋಗ ಇಲ್ಲವೇ?

ಇದೆ, ದಪ್ಪ ಅಳೆಯಬಹುದು. ಮೇಲಿನ ಸೂತ್ರವನ್ನು ತಿರುಗಿಸಿ: ದಪ್ಪ = ಅಲೆಗಳ ಸಂಖ್ಯೆ ÷ (2 × ಸೂಚ್ಯಂಕ × ವೇವ್‌ನಂಬರ್ ವ್ಯತ್ಯಾಸ). ಪಾಲಿಥೀನ್‌ನಲ್ಲಿ 2620ರಿಂದ 1958ರೊಳಗೆ 10 ಅಲೆ ಎಣಿಸಿದರೆ 10 ÷ (2 × 1.51 × 662) = 0.0050 ಸೆಂ.ಮೀ, ಅಂದರೆ 50 ಮೈಕ್ರಾನ್. ಖಾಲಿ ಲಿಕ್ವಿಡ್ ಸೆಲ್‌ಗೆ ಸೂಚ್ಯಂಕ 1 ಹಾಕಿ. 0.1 ಮಿ.ಮೀ ಸೆಲ್‌ನಲ್ಲಿ 50ಕ್ಕೊಂದು ಅಲೆ ಬರಬೇಕು. ನಮ್ಮ ಮಳೆಗಾಲದಲ್ಲಿ ಕೆಬಿಆರ್ ಕಿಟಕಿ ಮಂಕಾದರೆ ಈ ಅಲೆಗಳು ಮಸುಕಾಗುತ್ತವೆ. ಆಗ ಕಿಟಕಿಗೆ ಪಾಲಿಶ್ ಬೇಕಾಗಿದೆ ಅಂತ ತಿಳಿಯಿರಿ.

ಕ್ಯಾರಿ ಬ್ಯಾಗ್ ದಪ್ಪ ಇದರಲ್ಲಿ ಅಳೆಯಬಹುದಾ ಅಂತಲೂ ಕೇಳುತ್ತಾರೆ. ಕೇಂದ್ರದ ನಿಯಮದ ಪ್ರಕಾರ 2022ರ ಡಿಸೆಂಬರ್ 31ರಿಂದ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಕನಿಷ್ಠ 120 ಮೈಕ್ರಾನ್ ಇರಬೇಕು, ಕರ್ನಾಟಕ ಸರ್ಕಾರವಂತೂ 2016ರಲ್ಲೇ ಅವನ್ನು ನಿಷೇಧಿಸಿತ್ತು. 120 ಮೈಕ್ರಾನ್‌ಗೆ ಅಂತರ 28ರ ಹತ್ತಿರ, ಪಾರದರ್ಶಕ ಹಾಳೆಯಾದರೆ ಎಣಿಸಬಹುದು. ಸುಣ್ಣದ ಪುಡಿ ತುಂಬಿದ ಮಂಕು ಬ್ಯಾಗಿನಲ್ಲಿ ಬೆಳಕು ಚದುರಿ ಫ್ರಿಂಜ್ ಬರುವುದೇ ಇಲ್ಲ. ಮೈಕ್ರೋಮೀಟರ್ ತೆಗೆದುಕೊಂಡು ಅಳೆಯಿರಿ, ಅದು ಇದಕ್ಕಿಂತ ಸುಲಭ.

ಪಿಸಿಎ, ಮಷೀನ್ ಲರ್ನಿಂಗ್ ಹಾಕಿದರೆ ಅದೇ ನೋಡಿಕೊಳ್ಳುವುದಿಲ್ಲವೇ?

ಸ್ಯಾಂಪಲ್‌ಗಳ ದಪ್ಪ ಬೇರೆ ಬೇರೆ ಇದ್ದರೆ ಪಿಸಿಎ (ಸ್ಪೆಕ್ಟ್ರಮ್‌ಗಳ ನಡುವಿನ ದೊಡ್ಡ ವ್ಯತ್ಯಾಸಗಳನ್ನು ಹೆಕ್ಕಿ ಕೊಡುವ ವಿಧಾನ) ಕೊಡುವ ಮೊದಲ ಕಂಪೊನೆಂಟ್‌ಗಳನ್ನು ಫ್ರಿಂಜೇ ಹಿಡಿದುಕೊಂಡು ಕೂರುತ್ತದೆ. ಆಮೇಲೆ ಪ್ಲಾಟ್‌ನಲ್ಲಿ ಚೆನ್ನಾಗಿ ಬೇರೆಯಾದ ಗುಂಪುಗಳು ಕಾಣುತ್ತವೆ, ಎಲ್ಲರಿಗೂ ಖುಷಿ. ನೀವು ವಿಂಗಡಿಸಿದ್ದು ದಪ್ಪ ಹಾಳೆ ಮತ್ತು ತೆಳು ಹಾಳೆಯನ್ನು.

ತಿದ್ದಿದ್ದನ್ನು ಪೇಪರಿನಲ್ಲಿ ಹೇಳಬೇಕಾ?

ಹೇಳಲೇಬೇಕು, ಎರಡು ಸಾಲು ಸಾಕು. ಯಾವ ವಿಧಾನ, ಇಂಟರ್‌ಫೆರೋಗ್ರಾಮ್ ಆದರೆ ಎಷ್ಟನೇ ಬಿಂದುವಿನಿಂದ ಎಷ್ಟನೆಯವರೆಗೆ ತೆಗೆದಿರಿ, ಫಿಟ್ ಆದರೆ ಯಾವ ವೇವ್‌ನಂಬರ್ ಭಾಗ ಬಳಸಿದಿರಿ. ತಿದ್ದದ ಸ್ಪೆಕ್ಟ್ರಮ್ ಒಂದನ್ನು ಸಪ್ಲಿಮೆಂಟರಿಯಲ್ಲಿ ಹಾಕಿ. ಅಸಲಿ ಫೈಲ್ ಮೇಲೆಯೇ ತಿದ್ದಿ ಅದೇ ಹೆಸರಲ್ಲಿ ಸೇವ್ ಮಾಡಬೇಡಿ. ರಿವ್ಯೂವರ್ "1715ರ ಪೀಕಿನ ಬುಡದಲ್ಲಿ ಏನಿದು" ಅಂತ ಕೇಳಿದ ದಿನ ಆ ಫೈಲ್ ಬೇಕಾಗುತ್ತದೆ.